ಹೆಣ್ಣು ಬಡ್ಜಿಗೆ ‘ಸ್ಪ್ಲಿಟ್ ಲುಟಿನೋ’ ಅಂತ ಹೆಚ್ಚು ರೊಕ್ಕ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಬಡ್ಜಿ ಅನ್ನುವ ಪುಟ್ಟ ಸಾಕುಗಿಳಿಯಲ್ಲಿ ಸ್ಪ್ಲಿಟ್ ಲುಟಿನೋ ಹೆಣ್ಣು, ಅಂದರೆ ಲುಟಿನೋ ಎಂಬ ಹಳದಿ ಬಣ್ಣದ ಜೀನನ್ನು ಹೊರಗೆ ತೋರಿಸದೆ ಒಳಗೆ ಬಚ್ಚಿಟ್ಟುಕೊಂಡ ಹೆಣ್ಣು, ಅನ್ನೋದು ಇಲ್ಲ. ಆದರೂ ಕಲಬುರಗಿಯ ನನ್ನ ಕ್ಲಿನಿಕ್‌ಗೆ ಆಗಾಗ ಯಾರಾದರೂ ರಟ್ಟಿನ ಡಬ್ಬಿಯಲ್ಲಿ ಹಸಿರು ಹೆಣ್ಣು ಹಕ್ಕಿ ಇಟ್ಟುಕೊಂಡು ಬರುತ್ತಾರೆ. “ಸರ, ಇದು ಸ್ಪ್ಲಿಟ್ ಅದರಿ. ಎರಡು ಪಟ್ಟು ರೊಕ್ಕ ಕೊಟ್ಟೀನಿ. ಒಂದು ಹಳದಿ ಮರೀನೂ ಬರವಲ್ದು. ಏನರ ಟಾನಿಕ್ ಬರದು ಕೊಡ್ರಿ.” ಬಣ್ಣ ಬರಿಸುವ ಟಾನಿಕ್ ಇನ್ನೂ ಯಾರೂ ಮಾಡಿಲ್ಲ, ತಮ್ಮಾ.

ಪಂಜರ, ನವಣೆ, ಕಟಲ್ ಬೋನ್ ಎಲ್ಲ ನಿಮಗೆ ಗೊತ್ತಿದ್ದದ್ದೇ. ಅಂಗಡಿಯವರು ‘ಲವ್ ಬರ್ಡ್ಸ್’ ಅಂದರೂ ನೀವು ತಂದದ್ದು ಬಡ್ಜಿ ಅನ್ನೋದೂ ಗೊತ್ತಿರಬೇಕು. ನೇರವಾಗಿ ಬಣ್ಣಕ್ಕೆ ಬರೋಣ.

ಬಡ್ಜಿಯ ಗರಿಯಲ್ಲಿ ಹಸಿರು ಬಣ್ಣವೇ ಇಲ್ಲ. ಇರುವುದು ಹಳದಿ ಬಣ್ಣ, ಅದರ ಒಳಗೆ ಕಪ್ಪು ಮೆಲನಿನ್. ಆ ಕಪ್ಪಿನ ಮೇಲೆ ಗರಿಯ ರಚನೆಗೆ ಬೆಳಕು ಬಿದ್ದಾಗ ನೀಲಿ ಕಾಣುತ್ತದೆ. ನೀಲಿ, ಹಳದಿ ಸೇರಿ ಹಸಿರು. ‘ಇನೋ’ ಅನ್ನುವ ಜೀನ್ ಈ ಮೆಲನಿನ್ ಅನ್ನು ತಡೆಯುತ್ತದೆ. ಹಸಿರು ಹಕ್ಕಿಯಲ್ಲಿ ತಡೆದರೆ ಬರೀ ಹಳದಿ ಉಳಿಯುತ್ತದೆ, ಅದು ಲುಟಿನೋ. ನೀಲಿ ಹಕ್ಕಿಯಲ್ಲಿ ಹಳದಿ ಮೊದಲೇ ಇರುವುದಿಲ್ಲ, ಹಾಗಾಗಿ ಬಿಳಿ ಉಳಿಯುತ್ತದೆ, ಅದು ಆಲ್ಬಿನೋ. ಎರಡಕ್ಕೂ ಕೆಂಪು ಕಣ್ಣು, ಎರಡಕ್ಕೂ ಅದೇ ಒಂದು ಜೀನ್.

ಈ ಜೀನ್ ಕುಳಿತಿರುವುದು ಝಡ್ ಕ್ರೋಮೋಸೋಮಿನಲ್ಲಿ. ಗಂಡು ಹಕ್ಕಿಗೆ ಎರಡು ಝಡ್. ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಮನುಷ್ಯರಲ್ಲಿ ಇದು ಉಲ್ಟಾ, ಅದಕ್ಕೇ ಸೈನ್ಸ್ ಓದಿದ ಹುಡುಗರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಹೊಲದಲ್ಲಿ ಎರಡು ಬೋರ್ ಇದ್ದರೆ ಒಂದು ಕೆಟ್ಟರೂ ನೀರು ಬರುತ್ತದೆ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಇರುವುದೇ ಒಂದು ಬೋರ್ ಆದರೆ ಕೆಟ್ಟ ದಿನವೇ ಬೆಳೆ ಹೇಳಿಬಿಡುತ್ತದೆ. ಗಂಡು ಬಡ್ಜಿ ಇನೋ ಜೀನನ್ನು ಒಳಗೆ ಬಚ್ಚಿಟ್ಟುಕೊಂಡು ಹಸಿರಾಗಿ ಕಾಣಬಹುದು. ಹೆಣ್ಣು ಬಚ್ಚಿಡಲಾರದು. ಜೀನ್ ಇದ್ದರೆ ಅದು ಹಳದಿ ಇಲ್ಲವೇ ಬಿಳಿ. ಹಸಿರಾಗಿದ್ದರೆ ಜೀನ್ ಇಲ್ಲ. ಓಪಲೈನ್, ಸಿನಮನ್ ಬಣ್ಣಗಳದ್ದೂ ಇದೇ ಕತೆ.

ಈ ತಪ್ಪು ಎಲ್ಲಿಂದ ಬಂತು ಅಂತ ನನಗೊಂದು ಅನುಮಾನ. ಹುಡುಗರು ಮೊಬೈಲಿನಲ್ಲಿ ಅಮೆರಿಕದ ಮಿಲ್ಕ್ ಸ್ನೇಕ್ ಸಾಕುವವರನ್ನು ನೋಡುತ್ತಾರೆ. ಕೆಂಪು, ಕಪ್ಪು, ಬಿಳಿ ಪಟ್ಟೆಯ ಹಾವು. ಅದರಲ್ಲಿ ಕಪ್ಪು ಅಳಿಸಿದ ಆಲ್ಬಿನೋ ಮರಿ ಬೇಕೆಂದರೆ ಗಂಡು, ಹೆಣ್ಣು ಎರಡೂ ಜೀನನ್ನು ಬಚ್ಚಿಟ್ಟುಕೊಂಡಿದ್ದರೆ ಸಾಕು, ಸರಾಸರಿ 4ರಲ್ಲಿ 1 ಮರಿ ಆಲ್ಬಿನೋ. ಹಾವಿನ ಹೆಣ್ಣಿಗೂ ಝಡ್, ಡಬ್ಲ್ಯೂವೇ. ಆದರೆ ಆ ಜೀನ್ ಇರುವುದು ಬೇರೆ ಕ್ರೋಮೋಸೋಮಿನಲ್ಲಿ. ಹಾವಿನ ಲೆಕ್ಕವನ್ನು ಹಕ್ಕಿಗೆ ಹಚ್ಚಿದರೆ ಕೂಡುವುದಿಲ್ಲ. (ಆ ವಿಡಿಯೋ ನೋಡಿ ನಮ್ಮ ಹೊಲದ ಹಾವು ಹಿಡಿದು ಡಬ್ಬಿಗೆ ಹಾಕಿದವನೊಬ್ಬನೂ ಬಂದಿದ್ದ. 1972ರ ವನ್ಯಜೀವಿ ಕಾಯ್ದೆ ಅಂತ ಒಂದಿದೆ, ಬಿಟ್ಟು ಬಾ ಅಂದೆ.)

ಶಹಾಬಾದ್ ಕಡೆಯ ಒಬ್ಬರು ಆಲ್ಬಿನೋ ಹೆಣ್ಣಿಗೆ ನೀಲಿ ಗಂಡು ಜೋಡಿ ಮಾಡಿದ್ದರು. ಗಂಡು ಸ್ಪ್ಲಿಟ್ ಅಲ್ಲ. ಮರಿಗಳೆಲ್ಲ ನೀಲಿ. “ತಾಯಿ ಬಿಳಿ ಅದ, ಮಗಳ ಒಳಗ ಇದ್ದೇ ಇರ್ತದ” ಅಂತ ಹೆಣ್ಣು ಮರಿಗಳನ್ನೆಲ್ಲ ಇಟ್ಟುಕೊಂಡು, ಗಂಡು ಮರಿಗಳನ್ನು ಸಿಕ್ಕ ರೇಟಿಗೆ ಮಾರಿಬಿಟ್ಟರು. ತಾಯಿ ತನ್ನ ಝಡ್ ಕೊಡುವುದು ಗಂಡು ಮಕ್ಕಳಿಗೆ ಮಾತ್ರ. ಮಾರಿದ ಗಂಡುಗಳೆಲ್ಲ ಸ್ಪ್ಲಿಟ್ ಆಗಿದ್ದವು, ಇಟ್ಟುಕೊಂಡ ಹೆಣ್ಣುಗಳಲ್ಲಿ ಆ ಜೀನ್ ಇರಲೇ ಇಲ್ಲ. ವಿವರಿಸಿದಾಗ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ “ಮತ್ತ ನೀವು ಮೊದಲೇ ಯಾಕ ಹೇಳಲಿಲ್ರಿ?” ಅಂತ ನನ್ನ ಮೇಲೇ ಜಗಳಕ್ಕೆ ಬಂದರು!

ಜೋಡಿಯನ್ನು ತಿರುಗಿಸಿ ನೋಡಿ. ಆಲ್ಬಿನೋ ಗಂಡು, ನೀಲಿ ಹೆಣ್ಣು. ಆಗ ಹೆಣ್ಣು ಮರಿಗಳೆಲ್ಲ ಆಲ್ಬಿನೋ, ಗಂಡು ಮರಿಗಳೆಲ್ಲ ನೀಲಿ ಸ್ಪ್ಲಿಟ್. ಮೊಟ್ಟೆ ಒಡೆದ ಮೊದಲ ದಿನಗಳಲ್ಲೇ, ಕಣ್ಣು ಬಿಡುವ ಮುಂಚೆ, ಮುಚ್ಚಿದ ಚರ್ಮದ ಕೆಳಗೆ ಗುಡ್ಡೆ ಕಪ್ಪಗಿದ್ದರೆ ಗಂಡು, ಗುಲಾಬಿ ಇದ್ದರೆ ಹೆಣ್ಣು. ಇಷ್ಟು ಸುಲಭವಾಗಿ ಮರಿಯ ಲಿಂಗ ಹೇಳುವುದು ಬೇರೆ ಜೋಡಿಗಳಲ್ಲಿ ಕಷ್ಟ.

ಒಂದು ಎಚ್ಚರಿಕೆ. ಲುಟಿನೋ, ಆಲ್ಬಿನೋ ಗಂಡಿನ ಕೊಕ್ಕಿನ ಮೇಲಿನ ಮೂಗು ಬೇರೆ ಗಂಡುಗಳ ಹಾಗೆ ನೀಲಿ ಆಗುವುದಿಲ್ಲ. ದೊಡ್ಡದಾದರೂ ಗುಲಾಬಿಯೇ. ಅದನ್ನು ನೋಡಿ ಹೆಣ್ಣು ಅಂದುಕೊಂಡು ಇನ್ನೊಂದು ಗಂಡಿನ ಜೊತೆ ಗೂಡಿಗೆ ಹಾಕುತ್ತಾರೆ. ಮೊಟ್ಟೆ ಬರಲಿಲ್ಲ ಅಂತ ಮತ್ತೆ ಟಾನಿಕ್ ಕೇಳುತ್ತಾರೆ.

ಹಾಗಂತ ‘ಸ್ಪ್ಲಿಟ್ ಹೆಣ್ಣು’ ಅಂದವರೆಲ್ಲ ಮೋಸಗಾರರಲ್ಲ. ನೀಲಿ ಬಣ್ಣದ ಜೀನ್ ಝಡ್ ಮೇಲಿಲ್ಲ. ಹಸಿರು ಹೆಣ್ಣು ನೀಲಿಯನ್ನು ಖಂಡಿತ ಬಚ್ಚಿಟ್ಟುಕೊಂಡಿರಬಹುದು. ರಿಸೆಸಿವ್ ಪೈಡ್ ಅನ್ನುವ ಮಚ್ಚೆ ಬಣ್ಣ ಕೂಡ ಹಾಗೇ. ಆದ್ದರಿಂದ ಮಾರುವವರನ್ನು ಬೈಯುವ ಮುಂಚೆ ‘ಯಾವುದಕ್ಕೆ ಸ್ಪ್ಲಿಟ್?’ ಅಂತ ಕೇಳಿ. ನೀಲಿ, ಇನೋ ಎರಡಕ್ಕೂ ಸ್ಪ್ಲಿಟ್ ಇರುವ ಹಸಿರು ಗಂಡಿಗೆ ನೀಲಿ ಹೆಣ್ಣು ಹಾಕಿದರೆ ಆಲ್ಬಿನೋ ಬರುವ ಲೆಕ್ಕ 8ರಲ್ಲಿ 1. ಅದೂ ಸರಾಸರಿ. ಎಂಟು ಮರಿ ಆಯಿತು, ನನ್ನ ಬಿಳಿ ಎಲ್ಲಿ ಅಂತ ದಯವಿಟ್ಟು ಫೋನ್ ಮಾಡಬೇಡಿ.

ಗಂಡು ಸ್ಪ್ಲಿಟ್ ಹೌದೋ ಅಲ್ಲವೋ ಅಂತ ಮೈ ನೋಡಿ ನಾನೂ ಹೇಳಲಾರೆ. ಅಪ್ಪ ಅಮ್ಮ ಯಾರು ಅಂತ ಗೊತ್ತಿರಬೇಕು, ಕಾಲಿಗೆ ರಿಂಗ್ ಇರಬೇಕು, ಯಾರಾದರೂ ಬರೆದಿಟ್ಟಿರಬೇಕು. ಇಪ್ಪತ್ತು ಹಕ್ಕಿ ಒಟ್ಟಿಗಿರುವ ದೊಡ್ಡ ಪಂಜರದಿಂದ ಬಂದ ಮರಿಯ ಅಪ್ಪನನ್ನು ಯಾರೂ ಖಾತ್ರಿಯಾಗಿ ಹೇಳಲಾರರು. ಜೋಡಿ ಬದಲಿಸಿದರೂ ಕೆಲವು ದಿನ ಹಳೆಯ ಗಂಡಿನ ವೀರ್ಯ ಹೆಣ್ಣಿನ ಒಳಗೇ ಉಳಿದಿರುತ್ತದೆ, ಮೊದಲ ಮೊಟ್ಟೆಗಳನ್ನು ಹೊಸ ಗಂಡಿನ ಲೆಕ್ಕಕ್ಕೆ ಬರೆಯಬೇಡಿ.

ಬಣ್ಣ ಬೇಗ ಬರಲಿ ಅಂತ ಅಣ್ಣ ತಂಗಿ ಜೋಡಿಯನ್ನು ತಲೆಮಾರು ತಲೆಮಾರು ಮುಂದುವರಿಸುವವರಿಗೆ ಮರಿ ಸಣ್ಣದಾಗುತ್ತಾ, ಮೊಟ್ಟೆಯಲ್ಲೇ ಸಾಯುತ್ತಾ ಬಂದದ್ದು ಆಮೇಲೆ ಕಾಣುತ್ತದೆ. ಮತ್ತೆ ಏಪ್ರಿಲ್, ಮೇ ತಿಂಗಳಲ್ಲಿ ಮರಿ ಮಾಡಿಸುವ ಆತುರ ಬೇಡ. 42 ಡಿಗ್ರಿ ಬಿಸಿಲಿಗೆ ತಗಡಿನ ಶೀಟಿನ ಕೆಳಗೆ ಮರದ ಗೂಡಿನೊಳಗೆ ಕೂತ ತಾಯಿ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಬಿಸಿಲು ಏರುವ ಮುಂಚೆಯೇ ಗೂಡಿನ ಡಬ್ಬಿ ತೆಗೆದಿಡಿ. ಮಳೆ ಹಿಡಿದ ಮೇಲೆ ಹಾಕಿದರಾಯಿತು. ಅಷ್ಟರಲ್ಲಿ ರಿಂಗ್ ತರಿಸಿಕೊಳ್ಳಿ, ಒಂದು ನೋಟ್‌ಬುಕ್ಕೂ ತನ್ನಿ.