ಹೃದಯಾಘಾತ ಪ್ರಯೋಗಕ್ಕೆ ಎಷ್ಟು ಇಲಿ ಬೇಕು? ಎಸ್‌ಡಿ ಮತ್ತು ಕೋಶ ಎಣಿಸುವ ಗೊಂದಲ

ಪ್ರಾಣಿ ಪ್ರಯೋಗಗಳಿಗಾಗಿ 1959ರಲ್ಲಿ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ ಮುಂದಿಟ್ಟ ಮೂರು ‘ಆರ್’ಗಳು: ಬದಲಿ (ರಿಪ್ಲೇಸ್‌ಮೆಂಟ್), ಕಡಿತ (ರಿಡಕ್ಷನ್), ಸುಧಾರಣೆ (ರಿಫೈನ್‌ಮೆಂಟ್). ಬದಲಿ ಸುಲಭವಾಗಿ ಅರ್ಥವಾಗುತ್ತದೆ. ಮಾನವ ಕಾಂಡಕೋಶದಿಂದ ಬೆಳೆಸಿದ ಹೃದಯಕೋಶಗಳೇ ಉತ್ತರ ಕೊಡುವಲ್ಲಿ ಪ್ರಾಣಿ ಬೇಡ. ತೊಡಕಿರುವುದು ಉಳಿದೆರಡರಲ್ಲಿ. ಇಲಿಯ ನೋವು, ಭಯ ತಗ್ಗಿಸಿದರೆ ಅಳತೆಯ ಏರಿಳಿತವೂ ತಗ್ಗುತ್ತದೆ, ಆಗ ಇಲಿಗಳೇ ಕಡಿಮೆ ಸಾಕಾಗುತ್ತವೆ.

ಎಷ್ಟು ಸಾಕು?

ಎರಡು ಗುಂಪು, 80% ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ), 5% ಮಟ್ಟ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ) ಇದ್ದರೆ ಗುಂಪಿಗೆ ಬೇಕಾದ ಇಲಿ ಸುಮಾರು 16 × (ಎಸ್‌ಡಿ ÷ ವ್ಯತ್ಯಾಸ)². ಎಸ್‌ಡಿ ಎಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಅಳತೆಯ ಏರಿಳಿತದ ಪ್ರಮಾಣ. ಹೃದಯಾಘಾತ ಮೂಡಿಸಲು ಕೊರೊನರಿ ಧಮನಿ ಕಟ್ಟಿದ ಇಲಿಗಳಲ್ಲಿ (ಮೌಸ್) ಔಷಧಿಯಿಂದ ಎಜೆಕ್ಷನ್ ಫ್ರಾಕ್ಷನ್ (ಹೃದಯದ ಕೋಣೆಯ ರಕ್ತದಲ್ಲಿ ಬಡಿತವೊಂದಕ್ಕೆ ಹೊರಹೋಗುವ ಶೇಕಡಾ ಪಾಲು) 40ರಿಂದ 50ಕ್ಕೆ ಏರುತ್ತದೆಯೇ ಎಂಬುದು ಪ್ರಶ್ನೆ ಎನ್ನಿ. ಎಸ್‌ಡಿ 10 ಆದರೆ 16 ಇಲಿ. 7 ಆದರೆ 8 (ಗುಂಪು ಚಿಕ್ಕದಾದ್ದರಿಂದ ಒಂದು ಸೇರಿಸಿ).

ಎಸ್‌ಡಿ ಉಬ್ಬುವುದು ನಮ್ಮ ಕೈಯಿಂದಲೇ. ಎಕೋ (ಹೃದಯದ ಅಲ್ಟ್ರಾಸೌಂಡ್) ವೇಳೆ ಅರಿವಳಿಕೆ ಐಸೊಫ್ಲುರೇನ್ ಹೆಚ್ಚಾದರೆ ಬಡಿತ ನಿಮಿಷಕ್ಕೆ 400ಕ್ಕಿಂತ ಕೆಳಗಿಳಿದು ಫ್ರಾಕ್ಷನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮೈ ತಣ್ಣಗಾದರೂ ಬಡಿತ ಇಳಿಯುತ್ತದೆ. ಬಡಿತ 450–550, ಮೈಬಿಸಿ 37 ಡಿಗ್ರಿ ಆಸುಪಾಸಿನಲ್ಲಿರಲಿ. ಬಾಲ ಹಿಡಿದೆತ್ತಬೇಡಿ, ಕೊಳವೆಯೊಳಗೆ ನಡೆಸಿ ಎತ್ತಿ. ನೋವುನಿವಾರಕ ಬ್ಯುಪ್ರೆನಾರ್ಫಿನ್ ಶಸ್ತ್ರಕ್ರಿಯೆಗೆ ಮೊದಲೇ, ಎಲ್ಲ ಗುಂಪಿಗೂ ಒಂದೇ ಡೋಸ್.

ಎಡವುವುದು ಇಲ್ಲಿ

5 ಹೃದಯ, ತಲಾ 20 ಕೋಶ, ಒಟ್ಟು 100 ಅಳತೆ. ಹಾಗಾದರೆ ಎನ್ (ಮಾದರಿಯ ಸಂಖ್ಯೆ) 100 ತಾನೇ? ಅಲ್ಲ. ಔಷಧಿ ಕೊಟ್ಟದ್ದು ಇಲಿಗೆ, ಕೋಶಕ್ಕಲ್ಲ. ಒಂದೇ ಹೃದಯದ ಕೋಶಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಅಳತೆ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಷನ್). ಒಟ್ಟು ಅಳತೆಗಳನ್ನು 1 + (ತಲಾ ಕೋಶ − 1) × ಐಸಿಸಿ ಇಂದ ಭಾಗಿಸಬೇಕು.

ಐಸಿಸಿ 0.4 ಎಂದಿಟ್ಟುಕೊಳ್ಳಿ. ಭಾಜಕ 1 + 19 × 0.4 = 8.6. ನೂರು ಅಳತೆಯ ಬೆಲೆ 11.6 ಸ್ವತಂತ್ರ ಅಳತೆಗಳಷ್ಟೇ! ತಲಾ 200 ಕೋಶ ಅಳೆದರೆ? 1000 ÷ 80.6 = 12.4. ಹತ್ತು ಪಟ್ಟು ದುಡಿದು ಒಂದೂ ಪೂರ್ತಿ ಹೆಚ್ಚಲಿಲ್ಲ. ತಲಾ 8 ಕೋಶ ಅಳೆದರೂ 40 ÷ 3.8 = 10.5 ಸಿಗುತ್ತಿತ್ತು. ಅಲ್ಲಿಗೇ ನಿಲ್ಲಿಸಿ, ಉಳಿದ ಕೋಶಗಳನ್ನು ಪ್ರೋಟೀನ್ ಅಥವಾ ಕ್ಯಾಲ್ಸಿಯಂ ಅಧ್ಯಯನಕ್ಕೆ ಕೊಡಿ. ಅದಕ್ಕೆಂದೇ ಇನ್ನೊಂದು ಇಲಿ ಕೊಲ್ಲುವುದು ತಪ್ಪುತ್ತದೆ.

ಹೀಗೆ ಎಣಿಸಿದರೆ ಇಲಿ ಹೆಚ್ಚು ಬೇಕಾಗುವುದಿಲ್ಲವೇ? ಆ ಒಂದು ಪ್ರಯೋಗಕ್ಕೆ ಬೇಕಾಗಬಹುದು. ಆದರೆ ಸುಳ್ಳು ಎನ್‌ನಿಂದ ಬಂದ ಫಲಿತಾಂಶ ಮತ್ತೊಬ್ಬರ ಕೈಯಲ್ಲಿ ನಿಲ್ಲದಿದ್ದರೆ ಎರಡೂ ಕಡೆಯ ಇಲಿಗಳು ವ್ಯರ್ಥ.

ಇನ್ನೆರಡು ಲೆಕ್ಕ

ಶಸ್ತ್ರಕ್ರಿಯೆಯ ನಂತರ 20% ಸಾಯುವ ಅಂದಾಜಿದ್ದರೆ 16 ÷ 0.8 = 20 ಇಲಿ. 16 × 1.2 = 19.2 ಎಂದು 19 ಇಲಿ ತೆಗೆದುಕೊಂಡರೆ ಕೊನೆಗೆ ಕೊರತೆ ಬೀಳುತ್ತದೆ.

ಧಮನಿ ಕಟ್ಟಿದ ಮರುದಿನ, ಔಷಧಿ ಹಂಚುವ ಮೊದಲು, ಒಂದು ಎಕೋ ಮಾಡಿ. ಆ ಅಳತೆಗೂ ಕೊನೆಯ ಅಳತೆಗೂ ಸಹಸಂಬಂಧ 0.7 ಇದ್ದು, ಅದನ್ನು ವಿಶ್ಲೇಷಣೆಯಲ್ಲಿ ಸೇರಿಸಿದರೆ ಬೇಕಾದ ಸಂಖ್ಯೆ 1 − 0.7² = 0.51 ಪಟ್ಟು, ಅಂದರೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.