ಹುಟ್ಟೋ ಮಗು ಯಾವ ಧರ್ಮ?

ಹುಡ್ಗಿ ಕೆಜಿಎಫ್‌ನ ಕ್ಯಾಥೊಲಿಕ್, ಹುಡ್ಗ ಬಂಗಾರಪೇಟೆಯ ಮುಸ್ಲಿಂ, ದಿನಾ ಬೆಂಗಳೂರಿಗೆ ಹೋಗೋ ರೈಲಲ್ಲಿ ಪರಿಚಯ ಆಗಿದ್ದು. ಕೋಲಾರದ ನನ್ನ ಆಫೀಸಿಗೆ ಎರಡೂ ಮನೆಯೋರು ಒಟ್ಟಿಗೇ ಬಂದಿದ್ರು, ಇಷ್ಟು ವರ್ಷದ ವಕೀಲಿಕೇಲಿ ಅದೇ ಅಪರೂಪ. ಹುಡ್ಗನ ತಂದೆ ಕೂತ್ಕೊಂಡೇ ಶುರು ಮಾಡಿದ್ರು, "ಮೇಡಂ, ನಮ್ಮ ಇಬ್ರಾಹಿಂ, ಅವರ ಅಬ್ರಹಾಂ ಒಬ್ರೇ ಅಲ್ವಾ, ಅವರ ಯೇಸುನ ನಾವು ಈಸಾ ಅಂತೀವಿ, ನಮಗೂ ಅವ್ರು ಪ್ರವಾದಿ, ಕುರಾನಲ್ಲಿ ಅವ್ರ ತಾಯಿ ಮರಿಯಂ ಹೆಸರಲ್ಲೇ ಒಂದು ಅಧ್ಯಾಯ ಇದೆ". ಹುಡ್ಗಿ ತಾಯಿ ಹೌದೌದು ಅಂತ ತಲೆ ಆಡಿಸ್ತಿದ್ರು. ನಾನು ಒಂದೇ ಕೇಳ್ದೆ, ನಾಳೆ ಮಗು ಆದ್ರೆ ಅದು ಯಾವ ಧರ್ಮ?

ಇಬ್ರೂ ಒಟ್ಟಿಗೇ "ನಮ್ದೇ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಿಲ್ಲ.

ಈಸಾ ದೇವರ ಮಗನಾ ಪ್ರವಾದಿನಾ ಅನ್ನೋ ಜಗಳ ನನ್ನ ಆಫೀಸಿನವರೆಗೂ ಬರಲ್ಲ, ಅದನ್ನ ಇಟ್ಕೊಂಡೇ ಅಕ್ಕಪಕ್ಕದ ಮನೇಲಿ ಬದುಕ್ತಾರೆ. ಬರೋದು ಮಗು ವಿಷಯ. ಸಂಪ್ರದಾಯಸ್ಥ ಯಹೂದಿಗಳಲ್ಲಿ ತಾಯಿ ಯಹೂದಿ ಆದ್ರೆ ಮಗು ಯಹೂದಿ, ಇಸ್ಲಾಂನಲ್ಲಿ ಮಗು ತಂದೆ ಧರ್ಮಕ್ಕೆ ಸೇರುತ್ತೆ, ಕ್ರೈಸ್ತರಲ್ಲಿ ಜ್ಞಾನಸ್ನಾನ ಆಗ್ಬೇಕು. ಹಂಗಾಗಿ ಮುಸ್ಲಿಂ ಗಂಡಸು ಕ್ರೈಸ್ತ ಅಥವಾ ಯಹೂದಿ ಹೆಂಗಸನ್ನ ನಿಕಾಹ್ ಆಗ್ಬಹುದು ಅಂತಾರೆ, ಮುಸ್ಲಿಂ ಹುಡ್ಗಿ ಬೇರೆಯವರನ್ನ ಆಗೋಹಾಗಿಲ್ಲ ಅಂತಾರೆ. ಕ್ಯಾಥೊಲಿಕ್ ಹುಡ್ಗಿಗೆ ಬಿಷಪ್ ಅನುಮತಿ ಬೇಕು, ಮಕ್ಕಳನ್ನ ಚರ್ಚಿನಲ್ಲೇ ಬೆಳೆಸೋಕೆ ಕೈಲಾದ್ದೆಲ್ಲ ಮಾಡ್ತೀನಿ ಅಂತ ಅವಳು ಮಾತು ಕೊಡ್ಬೇಕು. ಎಲ್ರೂ ತೊಟ್ಟಿಲ ತನಕ ಸಹಿಸ್ಕೊಳ್ತಾರೆ. ಚಿಂತಾಮಣಿ ಹತ್ರ ಮುರುಗಮಲ್ಲದ ದರ್ಗಾದಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದೇ ಕ್ಯೂನಲ್ಲಿ ನಿಲ್ತಾರೆ, ಅದು ನಂಗೆ ತುಂಬ ಇಷ್ಟ, ಆದ್ರೆ ಆ ಕ್ಯೂನಲ್ಲಿ ಯಾರೂ ಯಾರಿಗೂ ಮಗಳನ್ನ ಕೇಳಲ್ಲ. ಎಲ್ಲ ಧರ್ಮ ಒಂದೇ ಅಂತ ಹೇಳಿ ಮದುವೆ ಮಾಡಿಸ್ಬೇಡಿ, ಬೇರೆ ಬೇರೆ ಅಂತ ಗೊತ್ತಿದ್ದೇ ಮಾಡಿಸಿ.

ಇವರಿಗೆ ನಾನು ಹೇಳಿದ್ದು 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್. ಯಾರೂ ಮತಾಂತರ ಆಗ್ಬೇಕಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ 30 ದಿನ ನೋಟಿಸ್ ಹಾಕ್ತಾರೆ, ತಕರಾರು ತೆಗೀಬಹುದು, ಆದ್ರೆ ವಯಸ್ಸಾಗಿಲ್ಲ, ಈಗಾಗ್ಲೇ ಮದುವೆ ಆಗಿದೆ, ಹತ್ತಿರದ ರಕ್ತಸಂಬಂಧ ಅನ್ನೋ ಥರ ಕಾರಣ ಇರ್ಬೇಕು, ಧರ್ಮ ಬೇರೆ ಅನ್ನೋದು ಕಾರಣ ಅಲ್ಲ. ಇನ್ನೊಂದು ವಿಷಯ ಯಾರೂ ಕೇಳಲ್ಲ, ನಾನೇ ಹೇಳ್ತೀನಿ, ಬರೀ ನಿಕಾಹ್ ಆಗಿ ಹುಡ್ಗಿ ಕ್ರೈಸ್ತಳಾಗೇ ಉಳಿದ್ರೆ ಷರಿಯತ್ ಪ್ರಕಾರ ಗಂಡನ ಆಸ್ತೀಲಿ ಪಾಲಿಲ್ಲ, ಈ ಆಕ್ಟಲ್ಲಿ ಮದುವೆ ಆದ್ರೆ 1925ರ ಉತ್ತರಾಧಿಕಾರ ಕಾಯ್ದೆ ಬರುತ್ತೆ, ವಿಲ್ ಇಲ್ದೆ ತೀರ್ಕೊಂಡ್ರೆ ಮಕ್ಕಳಿದ್ದಾಗ ಹೆಂಡ್ತಿಗೆ ಮೂರನೇ ಒಂದು ಪಾಲು.

ಮಸೀದಿ ನಿಕಾಹ್ ಓದಲ್ಲ, ಚರ್ಚ್ ಆಶೀರ್ವಾದ ಮಾಡಲ್ಲ ಅಂದ್ರೆ ನಾನು ಜಗಳಕ್ಕೆ ಹೋಗಲ್ಲ, ಅವರ ನಿಯಮ ಅವರದು. ಆದ್ರೆ ಇನ್ನೊಂದು ಕೇಸಲ್ಲಿ 24 ವರ್ಷದ ಹುಡ್ಗೀನ ರೂಮಲ್ಲಿ ಕೂಡಿಹಾಕಿ ಫೋನ್ ಕಿತ್ಕೊಂಡಿದ್ರು, ನಾನು ಹೋದಾಗ ಬಾಗಿಲಿಗೆ ಹೊರಗಡೆಯಿಂದ ಬೀಗ, ಕಿಟಕೀಲಿ ಅವಳ ಕೈ ಮಾತ್ರ ಕಾಣ್ತಿತ್ತು. ಯಾವ ಧರ್ಮದ ಮನೆ ಅಂತ ಬರೆಯಲ್ಲ, ಹಿಂದೂಗಳ ಮನೇಲೂ ನೋಡಿದೀನಿ. ಅಲ್ಲಿ ಸಹಿಷ್ಣುತೆ ಮಾತೇ ಬೇಡ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿ ಸ್ವಾತಂತ್ರ್ಯ ಕೊಟ್ಟಿರೋದು ಪ್ರತಿಯೊಬ್ಬ ವ್ಯಕ್ತಿಗೆ, ಆ ಹುಡ್ಗಿಗೂ ಕೂಡ.

ಬಂಗಾರಪೇಟೆ ಹುಡ್ಗ, ಕೆಜಿಎಫ್ ಹುಡ್ಗಿ ನೋಟಿಸ್ ಅವಧಿ ಮುಗಿದ್ಮೇಲೆ ಮೂರು ಸಾಕ್ಷಿ ಕರ್ಕೊಂಡು ಬಂದು ಸಹಿ ಹಾಕಿದ್ರು. ಸಾಕ್ಷಿಗಳಲ್ಲಿ ಒಬ್ರು ಹುಡ್ಗಿ ತಾಯಿ. ಮಗು ವಿಷಯ ಇನ್ನೂ ತೀರ್ಮಾನ ಆಗಿಲ್ವಂತೆ, ಮಾತಾಡ್ತಿದ್ದಾರೆ.