ಮಳೆ ನಕ್ಷತ್ರಗಳು ಮೇ ತಿಂಗಳ ರಾತ್ರಿ ಎಲ್ಲಿರುತ್ತವೆ?

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಅಜ್ಜಿ ಹೇಳುತ್ತಿದ್ದರು. ಆ ಭರಣಿಯನ್ನು ಮೇ ತಿಂಗಳ ರಾತ್ರಿ ತಾರಸಿ ಮೇಲೆ ನಿಂತು ಹುಡುಕಿದ್ದೇನೆ. ಸಿಗಲಿಲ್ಲ. ಸಿಗುವುದೂ ಇಲ್ಲ. ಯಾವ ನಕ್ಷತ್ರದ ಮಳೆ ನಡೆಯುತ್ತಿರುತ್ತದೋ, ಸೂರ್ಯ ಆಗ ಅದೇ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ. ಅದು ಅವನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೇ 11ರ ಸುಮಾರಿನ ತನಕ ಭರಣಿ, ಆಮೇಲೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ. ಮೂರನ್ನೂ ಈ ತಿಂಗಳು ಮರೆತುಬಿಡಿ.

ಈಗ ತಲೆ ಮೇಲೆ ಕಾಣುವುದು ಆಗಸ್ಟ್ ಮಧ್ಯದಿಂದ ನವೆಂಬರ್ ಮೊದಲ ವಾರದ ತನಕ ಸುರಿಯುವ ಮಳೆಗಳು: ಮಘೆ, ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿ. ಪಶ್ಚಿಮದಿಂದ ಪೂರ್ವಕ್ಕೆ ಇದೇ ಕ್ರಮ. ಮಳೆ ಹೆಸರು ಬಾಯಿಗೆ ಬರುವವರಿಗೆ ಅರ್ಧ ಪಾಠ ಆಗಲೇ ಆಗಿದೆ.

ಕೆಳಗಿನ ಹೊತ್ತೆಲ್ಲ ಮೇ 15ರ ಸುಮಾರಿನದು. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಬರುತ್ತವೆ. ಹಾಗಾಗಿ ತಿಂಗಳ ಮೊದಲಲ್ಲಿ ನೋಡುವವರು ಒಂದು ಗಂಟೆ ಕೂಡಿಸಿ, ಕೊನೆಯಲ್ಲಿ ನೋಡುವವರು ಒಂದು ಗಂಟೆ ಕಳೆಯಿರಿ. ಅಳತೆಗೆ ಕೈ ಸಾಕು. ತೋಳು ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ.

ರಾತ್ರಿ 8:40ಕ್ಕೆ ನೆತ್ತಿ ಮೇಲೆ ಉತ್ತರೆ. ಅಲ್ಲಿಂದ ಎರಡೂವರೆ ಮುಷ್ಟಿ ಪಶ್ಚಿಮಕ್ಕೆ ಮಘೆ. ಇವೆರಡರ ನಡುವಿನ ಜೋಡಿ ಹುಬ್ಬೆ, ನಗರದ ಬೆಳಕಿನಲ್ಲಿ ಸ್ವಲ್ಪ ಕಷ್ಟ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಲ್ಲಿ ಮಧ್ಯಾಹ್ನ ನೆರಳು ಕಾಲಡಿ ಸೇರುತ್ತದೆ, ಅಲ್ವಾ? ಇದೂ ಅದೇ ಲೆಕ್ಕ. ನಮ್ಮೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ. ಭೂಮಧ್ಯರೇಖೆಯ ನೇರ ಮೇಲೆ ಹಾಯುವ ಆಕಾಶದ ನಡುಗೆರೆಯಿಂದ 13 ಡಿಗ್ರಿ ಉತ್ತರಕ್ಕೆ ಏನಿದ್ದರೂ, ಸೂರ್ಯನೇ ಇರಲಿ, ನಮ್ಮ ನೆತ್ತಿ ಹಾದೇ ಹೋಗಬೇಕು. ಮಘೆ 12ರಲ್ಲಿದೆ, ಉತ್ತರೆ ಹದಿನಾಲ್ಕೂವರೆಯಲ್ಲಿ.

ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ ಮಂಡಲ. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿದಂತಿರುವ ಮಂಕು ಚುಕ್ಕಿ ಅರುಂಧತಿ. ಮದುವೆ ದಿನ ಹಗಲು 11 ಗಂಟೆಗೆ ಕಂಡಿತು ಅಂತ ಸುಮ್ನೆ ತಲೆ ಆಡಿಸಿದವರು ಈಗ ನಿಜವಾಗಿ ನೋಡಬಹುದು. ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆಯಿರಿ. ಪೂರ್ವದಲ್ಲಿ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಇನ್ನೂ ಎಳೆದರೆ ಆಗ್ನೇಯದಲ್ಲಿ ನೀಲಿ ಬಿಳುಪಿನ ಚಿತ್ತೆ. ಸ್ವಾತಿಯಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 37 ವರ್ಷ ಬೇಕು, ಚಿತ್ತೆಯದಕ್ಕೆ ಸುಮಾರು 250.

ಈಗ ನನಗೆ ಜಾಸ್ತಿ ಇಷ್ಟದ ಭಾಗ. ಚಿತ್ತೆಯ ಬಲಕ್ಕೆ ನಾಲ್ಕು ಚುಕ್ಕಿಗಳ ಸೊಟ್ಟ ಚೌಕ ಇದೆ, ಅದು ಹಸ್ತೆ. ಅಷ್ಟೇನೂ ಹೊಳೆಯುವುದಿಲ್ಲ. ಆದರೆ 9:15ರ ಹೊತ್ತಿಗೆ ಅದು ಸರಿಯಾಗಿ ದಕ್ಷಿಣದಲ್ಲಿ ನಿಲ್ಲುತ್ತದೆ. ಆಗ ಅದರ ತಳದಿಂದ ನೇರ ಕೆಳಕ್ಕೆ ಮುಷ್ಟಿ ಮೇಲೆ ಮುಷ್ಟಿ ಇಟ್ಟು ಅಳೆಯಿರಿ. ಮೂರೂವರೆ ಮುಷ್ಟಿ ಇಳಿದರೆ ಶಿಲುಬೆ ಆಕಾರದ ನಕ್ಷತ್ರಗುಂಪು, ತ್ರಿಶಂಕು! ಮೇಲ್ತುದಿಯ ನಕ್ಷತ್ರ ಸ್ವಲ್ಪ ಕೆಂಪು, ಕೆಳಗಿನದು ಎಲ್ಲಕ್ಕಿಂತ ಪ್ರಕಾಶಮಾನ. ಆ ಕೆಳಗಿನದು ದಿಗಂತದಿಂದ 14 ಡಿಗ್ರಿ, ಅಂದರೆ ಮುಷ್ಟಿ ಒಂದೂವರೆಗೂ ಕಡಿಮೆ. ಬೆನ್ನ ಹಿಂದೆ ಉತ್ತರದಲ್ಲಿ ಧ್ರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಕೂತಿರುತ್ತದೆ. ದೆಹಲಿಯವರಿಗೆ ಧ್ರುವ ಚೆನ್ನಾಗಿ ಮೇಲಿದೆ, ತ್ರಿಶಂಕುವಿನ ಕಾಲು ಮಾತ್ರ ಹುಟ್ಟುವುದೇ ಇಲ್ಲ. ನಮಗೆ ಎರಡೂ ಇವೆ.

ನಾನು ಎರಡು ಬೇಸಿಗೆ ಬೇರೆ ಯಾವುದನ್ನೋ ತ್ರಿಶಂಕು ಅಂದುಕೊಂಡು ಪಕ್ಕದ ಮನೆ ಮಕ್ಕಳಿಗೂ ತೋರಿಸಿದ್ದೆ. ರಾತ್ರಿ 8ಕ್ಕೆ ದಕ್ಷಿಣದಿಂದ ತುಸು ಪಶ್ಚಿಮಕ್ಕೆ ಇನ್ನೊಂದು ಶಿಲುಬೆ ಆಕಾರ ನಿಂತಿರುತ್ತದೆ. ದೊಡ್ಡದು, ಮಂಕು. ಅದು ಸುಳ್ಳು ತ್ರಿಶಂಕು. ಅಸಲಿಯದು ಚಿಕ್ಕದು. ಚಾಚಿದ ಕೈಯ ಮೂರು ಬೆರಳಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಇನ್ನೊಂದು ಗುರುತು, ಅದರ ಎಡಕ್ಕೆ ಎರಡು ಜೋರು ನಕ್ಷತ್ರಗಳು ಹಿಂಬಾಲಿಸಿ ಬರುತ್ತವೆ. ಎರಡರಲ್ಲಿ ತ್ರಿಶಂಕುವಿನಿಂದ ದೂರ ಕಾಣುವುದು ಆಲ್ಫಾ ಸೆಂಟಾರಿ. ಬರಿಗಣ್ಣಿಗೆ ಕಾಣುವವುಗಳಲ್ಲಿ ಸೂರ್ಯನ ನಂತರ ನಮಗೆ ಹತ್ತಿರದ್ದು ಇದೇ, ಸುಮಾರು 4.4 ಜ್ಯೋತಿರ್ವರ್ಷ. ಮಕ್ಕಳನ್ನು ಮತ್ತೆ ಕರೆದು ತಿದ್ದಿದ್ದಾಯಿತು. ‘ಹೋದ ವರ್ಷ ಬೇರೆ ಹೇಳಿದ್ರಿ ಅಂಕಲ್’ ಅಂದರು.

ದಕ್ಷಿಣದ ದಿಗಂತ ತೆರೆದಿರಬೇಕು, ಅದೇ ಕಷ್ಟ. ನಮ್ಮ ತಾರಸಿಯಲ್ಲಿ ಆ ಮೂಲೆಗೇ ನೀರಿನ ಟ್ಯಾಂಕ್. ಕನಕಪುರ ರಸ್ತೆಯಲ್ಲಿ ಊರು ಮುಗಿಯುವ ಕಡೆ ನಿಂತರೆ ನಗರದ ಬೆಳಕು ಬೆನ್ನಿಗೆ ಬೀಳುತ್ತದೆ. ಅಷ್ಟು ದೂರ ಆಗದಿದ್ದರೆ ಸಂಜೆ ಗುಡುಗು ಮಳೆ ಸುರಿದು ಮೋಡ ಚದುರಿದ ರಾತ್ರಿ ಕಾಯಿರಿ. ಧೂಳು ತೊಳೆದು ಹೋಗಿರುತ್ತದೆ. ಮೇಲೆ ಹೋದ ಮೇಲೆ 20 ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಕರೆಂಟ್ ಹೋದರಂತೂ ಬೈಯಬೇಡಿ, ಓಡಿ ಮೇಲೆ ಬನ್ನಿ.